ನಿರ್ವಾಚಕ ಗಣ ಮತ್ತು ಜನಮತ: ಅಮೆರಿಕದ ಅಧ್ಯಕ್ಷೀಯ ಆಯ್ಕೆಯ ಪೂರ್ವೇತಿಹಾಸ

ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷರನ್ನು ಅಲ್ಲಿನ ಪ್ರಜೆಗಳು ನೇರವಾಗಿ ಆರಿಸುವುದಿಲ್ಲ. ಅವರ ಮತದಿಂದ ಪ್ರತಿಯೊಂದು ರಾಜ್ಯದಲ್ಲಿ ನಿರ್ವಾಚಕರು ಆಯ್ಕೆಯಾಗುತ್ತಾರೆ. ಒಟ್ಟು 538 ನಿರ್ವಾಚಕರಲ್ಲಿ ಕನಿಷ್ಠ 270 ಮಂದಿಯ ಮತ ಪಡೆದವರು ಅಧ್ಯಕ್ಷರಾಗುತ್ತಾರೆ. 2000ರಲ್ಲಿ ಆಲ್ ಗೋರ್ ಐದು ಲಕ್ಷಕ್ಕೂ ಹೆಚ್ಚು, 2016ರಲ್ಲಿ ಹಿಲರಿ ಕ್ಲಿಂಟನ್ ಸುಮಾರು 28 ಲಕ್ಷ ಜನಮತಗಳಿಂದ ಮುಂದಿದ್ದರೂ ಪರಾಭವಗೊಂಡುದು ಈ ಕಾರಣದಿಂದಲೇ. ಈ ಪದ್ಧತಿಯ ಸಮರ್ಥಕರು ಇದನ್ನು ಸಂವಿಧಾನಕರ್ತರ ವಿವೇಕದ ಫಲವೆನ್ನುತ್ತಾರೆ. ಆ ವಿವೇಕದ ಸ್ವರೂಪವನ್ನು 1787ರ ಫಿಲಡೆಲ್ಫಿಯಾ ಸಮಾವೇಶದ ಚರ್ಚೆಗಳಲ್ಲಿಯೇ ಅರಸುವುದು ಉಚಿತ.

ಜನರೇ ನೇರವಾಗಿ ಆರಿಸಲಿ ಎಂದು ಆ ಸಮಾವೇಶದಲ್ಲಿ ಬಲವಾಗಿ ವಾದಿಸಿದವನು ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್. ವಿಶಾಲವಾದ ದೇಶದ ಸಾಮಾನ್ಯ ಮತದಾರನಿಗೆ ದೂರದ ಅಭ್ಯರ್ಥಿಗಳ ಯೋಗ್ಯತೆ ತಿಳಿಯದೆಂಬುದು ಜಾರ್ಜ್ ಮೇಸನ್ನನ ಆಕ್ಷೇಪ. ಜುಲೈ 17ರಂದು ನೇರ ಚುನಾವಣೆಯ ಸಲಹೆ ಬಿದ್ದುಹೋಯಿತು. ಪರವಾಗಿ ನಿಂತದ್ದು ಒಂದೇ ರಾಜ್ಯ. ಎರಡು ದಿನಗಳ ಬಳಿಕ ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ಆಡಿದ ಮಾತು ಹೆಚ್ಚು ಗಮನಾರ್ಹ. ಆಯ್ಕೆಗೆ ಜನರೇ ಅತ್ಯಂತ ಯೋಗ್ಯರೆಂದು ಆತ ಒಪ್ಪಿದ. ಆದರೆ ಮತದ ಹಕ್ಕಿಲ್ಲದ ನೀಗ್ರೋ ಗುಲಾಮರನ್ನು ಹೊಂದಿದ ದಕ್ಷಿಣದ ರಾಜ್ಯಗಳಿಗೆ ಅಂತಹ ಚುನಾವಣೆಯಲ್ಲಿ ಪ್ರಭಾವ ದೊರೆಯದೆಂದೂ, ನಿರ್ವಾಚಕರ ಮೂಲಕ ಈ ತೊಡಕು ಪರಿಹಾರವಾಗುವುದೆಂದೂ ವಿವರಿಸಿದ.

ಪರಿಹಾರವಾದ ಬಗೆ ಹೀಗೆ: ರಾಜ್ಯವೊಂದರ ನಿರ್ವಾಚಕರ ಸಂಖ್ಯೆ ಕಾಂಗ್ರೆಸ್ಸಿನ ಎರಡೂ ಸದನಗಳಲ್ಲಿ ಅದಕ್ಕಿರುವ ಸ್ಥಾನಗಳ ಮೊತ್ತ. ಕೆಳಮನೆಯ ಸ್ಥಾನಗಳನ್ನು ಹಂಚುವಾಗ ಗುಲಾಮರ ಸಂಖ್ಯೆಯಲ್ಲಿ ಐದರಲ್ಲಿ ಮೂರು ಪಾಲು ಲೆಕ್ಕಕ್ಕೆ ಬರುತ್ತಿತ್ತು. 1790ರ ಜನಗಣತಿಯಲ್ಲಿ ವರ್ಜೀನಿಯಾ ಮತ್ತು ಪೆನ್ಸಿಲ್ವೇನಿಯಾಗಳ ಸ್ವತಂತ್ರ ಜನಸಂಖ್ಯೆ ಹೆಚ್ಚುಕಡಿಮೆ ಸಮ. ಆದರೂ ಮೊದಲನೆಯದಕ್ಕೆ 21, ಎರಡನೆಯದಕ್ಕೆ 15 ನಿರ್ವಾಚಕರು ದೊರೆತರು. ಮತ ಹಾಕಲಾಗದವನ ತಲೆಯೆಣಿಕೆ ಆತನ ಒಡೆಯನ ಮತಕ್ಕೆ ತೂಕ ತಂದಿತು. ಗಣತಂತ್ರದ ಮೊದಲ 36 ವರ್ಷಗಳಲ್ಲಿ 32 ವರ್ಷ ಅಧ್ಯಕ್ಷರಾಗಿದ್ದವರು ವರ್ಜೀನಿಯಾದ ಗುಲಾಮ ಒಡೆಯರು ಎಂಬುದನ್ನು ಇಲ್ಲಿ ನೆನೆಯಬೇಕು.

ಅಲೆಕ್ಸಾಂಡರ್ ಹ್ಯಾಮಿಲ್ಟನ್ 1788ರಲ್ಲಿ ಬರೆದ ಫೆಡರಲಿಸ್ಟ್ ಮಾಲೆಯ 68ನೆಯ ಲೇಖನ ಬೇರೊಂದು ಸಮರ್ಥನೆ ನೀಡುತ್ತದೆ: ವಿವೇಚನೆಯುಳ್ಳ ಕೆಲವರು ಸ್ವತಂತ್ರವಾಗಿ ಪರಾಮರ್ಶಿಸಿ ಆರಿಸುವರು. ಪಕ್ಷಗಳು ತಲೆಯೆತ್ತಿದೊಡನೆ ಈ ಆದರ್ಶ ಅಳಿಯಿತು. ನಿರ್ವಾಚಕ ಪಕ್ಷದ ದೂತನಾದ. ಆತನನ್ನು ಕೊಟ್ಟ ಮಾತಿಗೆ ಕಟ್ಟಿಹಾಕುವ ಅಧಿಕಾರ ರಾಜ್ಯಗಳಿಗುಂಟೆಂದು 2020ರಲ್ಲಿ ಸುಪ್ರೀಂ ಕೋರ್ಟೇ ತೀರ್ಪಿತ್ತಿತು. ಪರಾಮರ್ಶೆ ಹೋಯಿತು, ಗಣಿತ ಮಾತ್ರ ಉಳಿಯಿತು.

ಆ ಗಣಿತ ಗುಲಾಮಗಿರಿಯೊಂದಿಗೆ ಕೊನೆಗಾಣಲಿಲ್ಲ. 1865ರಲ್ಲಿ ಬಿಡುಗಡೆ ಹೊಂದಿದ ಕಪ್ಪು ಜನರು ಮುಂದೆ ಪೂರ್ಣವಾಗಿ ಎಣಿಕೆಗೆ ಬಂದರು. ಆದರೆ ದಕ್ಷಿಣದಲ್ಲಿ 1965ರ ಮತಹಕ್ಕಿನ ಕಾಯಿದೆಯವರೆಗೂ ಬಹುಪಾಲು ಮತವಂಚಿತರಾಗಿಯೇ ಉಳಿದರು. 1969ರಲ್ಲಿ ನೇರ ಚುನಾವಣೆಯ ತಿದ್ದುಪಡಿಯನ್ನು ಕೆಳಮನೆ 338–70 ಮತಗಳಿಂದ ಅಂಗೀಕರಿಸಿತು. ಮರುವರ್ಷ ಸೆನೆಟ್ಟಿನಲ್ಲಿ ಅದನ್ನು ತಡೆದವರಲ್ಲಿ ದಕ್ಷಿಣದ ಸದಸ್ಯರೇ ಮುಂದಾಳುಗಳು.

ನಿರ್ವಾಚಕ ಪದ್ಧತಿಗೆ ಒಕ್ಕೂಟ ತತ್ತ್ವದ ಬಲವುಂಟೆಂಬುದನ್ನು ಅಲ್ಲಗಳೆಯಲಾಗದು: ಅಧ್ಯಕ್ಷ ರಾಜ್ಯಗಳ ಕೂಟಕ್ಕೂ ಮುಖ್ಯಸ್ಥ, ಚಿಕ್ಕ ರಾಜ್ಯಗಳ ದನಿಯೂ ಕೇಳಬೇಕು. ಆದರೆ ರಾಜ್ಯವೊಂದರಲ್ಲಿ ಗೆದ್ದವನಿಗೆ ಅಲ್ಲಿನ ಎಲ್ಲ ನಿರ್ವಾಚಕರೂ ಸಲ್ಲುವ ರೂಢಿ ಸಂವಿಧಾನದ ವಿಧಿಯಲ್ಲ, ರಾಜ್ಯಗಳ ಕಾನೂನು. ಮೇನ್ ಮತ್ತು ನೆಬ್ರಾಸ್ಕಾ ಅದನ್ನು ಅನುಸರಿಸುವುದಿಲ್ಲ. ಈ ರೂಢಿಯಿಂದ ಪ್ರಚಾರವು ಸಮಬಲದ ಕೆಲವೇ ರಾಜ್ಯಗಳಿಗೆ ಸೀಮಿತವಾಗುತ್ತದೆ. ಚಿಕ್ಕವಾಗಲಿ ದೊಡ್ಡವಾಗಲಿ ಉಳಿದವು ಕಡೆಗಣಿತವಾಗುತ್ತವೆ.

ಭಾರತದ ಸಂವಿಧಾನ ಸಭೆಯಲ್ಲಿಯೂ ಕೆ.ಟಿ. ಷಾ ರಾಷ್ಟ್ರಪತಿಯ ನೇರ ಚುನಾವಣೆಗಾಗಿ ವಾದಿಸಿದರು. ನಿಜವಾದ ಅಧಿಕಾರ ಮಂತ್ರಿಮಂಡಲದಲ್ಲಿರುವುದರಿಂದ ಸಭೆ ಅದನ್ನು ಒಪ್ಪಲಿಲ್ಲ. ಆ ತರ್ಕ ಅಮೆರಿಕಕ್ಕೆ ಸಲ್ಲದು. ಅಲ್ಲಿ ಕಾರ್ಯಾಂಗದ ಅಧಿಕಾರವೆಲ್ಲ ಅಧ್ಯಕ್ಷನದೇ. ಅಂತಹ ಅಧಿಕಾರವನ್ನು ಹೊರುವವನ ಆಯ್ಕೆಯಲ್ಲಿ ಒಬ್ಬ ಪ್ರಜೆಯ ಮತ ಇನ್ನೊಬ್ಬನದಕ್ಕಿಂತ ಹಗುರವಾಗುವುದೇಕೆ ಎಂಬ ಪ್ರಶ್ನೆಗೆ ಸಂವಿಧಾನಕರ್ತರ ವಿವೇಕವನ್ನು ಉತ್ತರವಾಗಿ ಕೊಡುವವರು, ಆ ವಿವೇಕದೊಳಗೆ ಬೆರೆತಿದ್ದ ಗುಲಾಮರ ಲೆಕ್ಕಕ್ಕೂ ಉತ್ತರ ಹೇಳಬೇಕಾಗುತ್ತದೆ.