ಕದ್ದು ಕಂಡ ಅಥೆನ್ಸ್

ಹಡಗಿನಲ್ಲಿ ದೇಶ ಸುತ್ತುವವರಿಗೆ ನೆಲಕ್ಕೆ ಇಳಿಯುವ ದಿನವೇ ಹಬ್ಬದ ದಿನ. ಬೆಳಿಗ್ಗೆ ಬಂದರನ್ನು ಸೇರಿ, ಹಗಲೆಲ್ಲ ಊರು ನೋಡಿ, ಸಂಜೆಗೆ ಮರಳಿ ಹಡಗೇರುವುದು ಇಂತಹ ವಿಹಾರಯಾತ್ರೆಗಳ ಕ್ರಮ. ಆದರೆ ಇಳಿಯುವ ಆಸೆ ಹಡಗಿನವರದಾದರೆ, ಇಳಿಸಿಕೊಳ್ಳುವ ಅಥವಾ ಇಳಿಸಿಕೊಳ್ಳದಿರುವ ಅಧಿಕಾರ ದಡದವರದು. ಇವೆರಡರ ತಿಕ್ಕಾಟ ಎಷ್ಟು ಹಳೆಯದೆಂಬುದನ್ನು 1867ರ ಆಗಸ್ಟ್ ತಿಂಗಳ ಒಂದು ರಾತ್ರಿಯ ಪ್ರಸಂಗ ತಿಳಿಸುತ್ತದೆ.

ಆ ವರ್ಷದ ಜೂನ್‌ನಲ್ಲಿ ‘ಕ್ವೇಕರ್ ಸಿಟಿ’ ಎಂಬ ಉಗಿಹಡಗು ನ್ಯೂಯಾರ್ಕಿನಿಂದ ಹೊರಟಿತು. ವ್ಯಾಪಾರಕ್ಕಲ್ಲ, ಯುದ್ಧಕ್ಕಲ್ಲ, ಯುರೋಪು, ಪ್ಯಾಲೆಸ್ಟೈನ್, ಈಜಿಪ್ಟುಗಳನ್ನು ನೋಡಿಬರುವುದಕ್ಕೆ. ತಲೆಗೆ 1,250 ಡಾಲರ್ ಶುಲ್ಕ. ಯಾತ್ರಿಕರಲ್ಲಿ ಮೂವತ್ತೊಂದು ವರ್ಷದ ಪತ್ರಕರ್ತನೊಬ್ಬನಿದ್ದ; ಅವನ ಖರ್ಚನ್ನು ‘ಆಲ್ಟಾ ಕ್ಯಾಲಿಫೋರ್ನಿಯಾ’ ಎಂಬ ಪತ್ರಿಕೆ ವಹಿಸಿಕೊಂಡಿತ್ತು. ಮುಂದೆ ‘ಟಾಮ್ ಸಾಯರ್’ ಬರೆದು ಲೋಕಪ್ರಸಿದ್ಧನಾದ ಮಾರ್ಕ್ ಟ್ವೇನ್ ಅವನೇ. ಈ ಪ್ರವಾಸದ ಅನುಭವಗಳನ್ನು 1869ರಲ್ಲಿ ‘ದಿ ಇನ್ನೊಸೆಂಟ್ಸ್ ಅಬ್ರಾಡ್’ ಎಂಬ ಗ್ರಂಥವಾಗಿ ಪ್ರಕಟಿಸಿದ.

ಇಟಲಿಯನ್ನು ಮುಗಿಸಿ ಹಡಗು ಅಥೆನ್ಸಿನ ಬಂದರಾದ ಪಿರೇಯಸ್ ತಲುಪಿತು. ದೂರದ ಗುಡ್ಡದ ಮೇಲೆ ಪಾರ್ಥೆನಾನ್ ದೇಗುಲದ ಕಂಬಗಳು ಕಾಣುತ್ತಿದ್ದವು. ಅಷ್ಟರಲ್ಲಿ ಬಂದರಿನ ಅಧಿಕಾರಿ ದೋಣಿಯಲ್ಲಿ ಬಂದು, ಹಡಗು ಹೊರಟುಹೋಗಬೇಕು, ಇಲ್ಲವೇ ಬಂದರಿನಾಚೆ ಹನ್ನೊಂದು ದಿನ ದಿಗ್ಬಂಧನದಲ್ಲಿರಬೇಕು ಎಂದ. ಅಷ್ಟು ಕಾಯುವ ವ್ಯವಧಾನ ಹಡಗಿಗಿರಲಿಲ್ಲ. ಬೇಕಾದ ಸಾಮಗ್ರಿಗಳನ್ನು ತುಂಬಿಕೊಂಡು ಮುಂದೆ ಸಾಗುವುದೆಂದು ತೀರ್ಮಾನವಾಯಿತು. ಜೀವಮಾನದಲ್ಲಿ ಒಮ್ಮೆ ಒದಗಿದ ಅವಕಾಶ ಕಣ್ಣೆದುರೇ ಕೈತಪ್ಪುತ್ತಿತ್ತು.

ಅಧಿಕಾರಿಯದು ದರ್ಪವಾಗಿರಲಿಲ್ಲ, ಅದು ಕಾಲರಾದ ಕಾಲ. 1865ರಲ್ಲಿ ಮೆಕ್ಕಾ ಯಾತ್ರಿಕರಲ್ಲಿ ಕಾಣಿಸಿಕೊಂಡ ಈ ವ್ಯಾಧಿ ಈಜಿಪ್ಟಿನ ಮೂಲಕ ಮೆಡಿಟರೇನಿಯನ್ ಬಂದರುಗಳಿಗೆ ಹಬ್ಬಿತ್ತು. ರಾಬರ್ಟ್ ಕೋಕ್ ಅದರ ರೋಗಾಣುವನ್ನು ಗುರುತಿಸಿದ್ದು ಮುಂದೆ 1884ರ ಹೊತ್ತಿಗೆ. ಅಲ್ಲಿಯವರೆಗೆ ಬಂದರುಗಳಿಗೆ ಗೊತ್ತಿದ್ದ ಮುಖ್ಯ ರಕ್ಷಣೆ, ಹಡಗನ್ನು ದೂರ ನಿಲ್ಲಿಸುವುದು. ಏಡ್ರಿಯಾಟಿಕ್ ತೀರದ ರಗೂಸಾ ನಗರ 1377ರಲ್ಲೇ ಪ್ಲೇಗಿಗೆ ಹೆದರಿ, ಸೋಂಕಿನ ಸೀಮೆಯಿಂದ ಬಂದವರಿಗೆ ಮೂವತ್ತು ದಿನಗಳ ಪ್ರತ್ಯೇಕವಾಸ ವಿಧಿಸಿತ್ತು. ಆ ಮೂವತ್ತು ಮುಂದೆ ನಲವತ್ತಾಯಿತು. ಇಟಾಲಿಯನ್ನಿನಲ್ಲಿ ನಲವತ್ತಕ್ಕೆ ‘ಕ್ವಾರಂತಾ’ ಎನ್ನುತ್ತಾರೆ. ‘ಕ್ವಾರಂಟೈನ್’ ಎಂಬ ಪದ ಹುಟ್ಟಿದ್ದು ಹೀಗೆ.

ಹೀಗೆ ನಿರ್ಬಂಧ ಮುರಿದವನೊಬ್ಬ ಆರು ತಿಂಗಳು ಸೆರೆಮನೆ ಸೇರಿದ್ದನ್ನು ಕೇಳಿದ್ದೆನೆಂದು ಟ್ವೇನನೇ ಬರೆಯುತ್ತಾನೆ. ಆದರೂ ರಾತ್ರಿ ಹನ್ನೊಂದರ ಸುಮಾರಿಗೆ ಅವನೂ ಇನ್ನು ಮೂವರೂ ಸಣ್ಣ ದೋಣಿಯಲ್ಲಿ ದಡ ಸೇರಿ, ನಾಯಿಗಳ ಬೊಗಳುವಿಕೆಯ ನಡುವೆ ಮೈಲಿಗಟ್ಟಲೆ ನಡೆದರು. ದಾರಿಯ ತೋಟಗಳಲ್ಲಿ ದ್ರಾಕ್ಷಿ ಕದ್ದರು. ಆಕ್ರೊಪೊಲಿಸ್ಸಿನ ಬಾಗಿಲು ಮುಚ್ಚಿತ್ತು. ಕಾವಲುಗಾರರಿಗೆ ಲಂಚ ಕೊಟ್ಟು ಒಳಹೊಕ್ಕರು. ಬೆಳದಿಂಗಳಲ್ಲಿ ಪಾರ್ಥೆನಾನ್‌ನ ಅಮೃತಶಿಲೆಯನ್ನೂ, ಕೆಳಗೆ ಮಲಗಿದ್ದ ಅಥೆನ್ಸ್ ನಗರವನ್ನೂ ಕಣ್ತುಂಬ ನೋಡಿದರು. ಮರಳುವಾಗ ಆಯುಧ ಹಿಡಿದ ತೋಟಗಾರರು ಬೆನ್ನು ಹತ್ತಿದರೂ ಹೇಗೋ ಹಡಗು ಸೇರಿದರು.

ಅವರು ಕಂಡದ್ದು ಭಗ್ನ ದೇಗುಲ. 1687ರಲ್ಲಿ ಒಟ್ಟೋಮನ್ ತುರ್ಕರು ಅಲ್ಲಿ ಮದ್ದು ಸಂಗ್ರಹಿಸಿದ್ದರು. ವೆನಿಸ್ ಸೇನೆ ಹಾರಿಸಿದ ಗುಂಡಿನಿಂದ ಅದು ಸಿಡಿದು, ಎರಡು ಸಾವಿರ ವರ್ಷ ನಿಂತಿದ್ದ ಕಟ್ಟಡ ಒಡೆದುಹೋಯಿತು. ಇದೇ ವೆನಿಸ್ 1423ರಲ್ಲಿ ದ್ವೀಪವೊಂದರಲ್ಲಿ ಪ್ಲೇಗ್ ಆಸ್ಪತ್ರೆ ಸ್ಥಾಪಿಸಿ, ಸೋಂಕು ತಡೆಯುವ ವಿಧಾನವನ್ನು ಯುರೋಪಿಗೆ ಕಲಿಸಿದ ನಗರ. ಒಂದೇ ನಾಡು ಕಾಯುವ ಕೈಯೂ ಆಗಬಲ್ಲದು, ಕೆಡಹುವ ಕೈಯೂ ಆಗಬಲ್ಲದು.

ಟ್ವೇನನ ಬರವಣಿಗೆ ಎಷ್ಟು ಸೊಗಸೆಂದರೆ, ಓದುವಾಗ ನಾವೂ ಐದನೆಯವರಾಗಿ ಅವರ ಹಿಂದೆ ನಡೆಯುತ್ತೇವೆ. ಸಿಕ್ಕಿಬೀಳದಿರಲಿ ಎಂದು ಹಾರೈಸುತ್ತೇವೆ. ಆದರೆ ಪುಸ್ತಕ ಮುಚ್ಚಿದ ಮೇಲೆ ದಡದವರ ಕಡೆಯಿಂದಲೂ ಯೋಚಿಸಬೇಕಾಗುತ್ತದೆ. ಆ ನಾಲ್ವರು ಆರೋಗ್ಯವಾಗಿಯೇ ಇದ್ದರಲ್ಲ ಎನ್ನಬಹುದು. ನಿಜ, ಆದರೆ ದಿಗ್ಬಂಧನವಿರುವುದು ರೋಗಿಯೆಂದು ತಿಳಿದವನಿಗೆ ಮಾತ್ರವಲ್ಲ. ರೋಗಿಯೋ ಅಲ್ಲವೋ ಎಂದು ತಿಳಿಯದವನಿಗೂ ಕೂಡ. ನಮ್ಮ ಮೈಸೂರು ಸೀಮೆಗೆ 1898ರಲ್ಲಿ ಪ್ಲೇಗ್ ಬಂದ ಮೇಲೆ ಎಷ್ಟೋ ಕುಟುಂಬಗಳು ಮನೆ ಬಿಟ್ಟು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದವು. ಆ ಕಷ್ಟ ಕಂಡವರಿಗೆ ಪಿರೇಯಸ್ಸಿನ ಅಧಿಕಾರಿಯ ಭಯ ಅರ್ಥವಾಗುತ್ತಿತ್ತು.

ಇದು ಮುಗಿದ ಕಥೆಯೆಂದೇ ನಾವು ಭಾವಿಸಿದ್ದೆವು. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಎಂಬ ವಿಹಾರನೌಕೆ 3,711 ಜನರೊಡನೆ ದಿಗ್ಬಂಧನಕ್ಕೊಳಗಾಯಿತು. ಅವರಲ್ಲಿ 712 ಮಂದಿಗೆ ಕೊರೊನಾ ಸೋಂಕು ತಗುಲಿತು. ಪ್ರಯಾಣಿಕರು ಕೋಣೆಗಳಲ್ಲಿ ಉಳಿದಾಗ ಅಡುಗೆ ಮಾಡಿ, ಊಟವನ್ನು ಬಾಗಿಲಿಗೆ ಒಯ್ದುಕೊಟ್ಟವರು ಹಡಗಿನ ನೌಕರರು. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಭಾರತೀಯರಿದ್ದರು. ಸೋಂಕು ಅವರನ್ನೂ ಬಿಡಲಿಲ್ಲ.

ಊರು ನೋಡುವ ಹಂಬಲ ತಪ್ಪಲ್ಲ. ಟ್ವೇನನಿಗೆ ಆ ಹಂಬಲವಿಲ್ಲದಿದ್ದರೆ ಒಂದು ಒಳ್ಳೆಯ ಪುಸ್ತಕ ನಮಗೆ ದಕ್ಕುತ್ತಿರಲಿಲ್ಲ. ಆದರೆ ಯಾತ್ರಿಕನಿಗೆ ಒಂದು ದಿನದ ನೋಟವಾದದ್ದು ಅಲ್ಲಿಯವರಿಗೆ ದಿನದಿನದ ಬದುಕು. ಅವರು ಬಾಗಿಲು ಹಾಕಿಕೊಂಡಾಗ ಹೊರಗೆ ನಿಲ್ಲುವುದೂ ಯಾತ್ರೆಯ ಧರ್ಮವೇ.