ಒಡೆದ ಮಡಕೆ ಕಲಿಸಿದ ಕಲೆ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬುದು ನಮ್ಮ ಗಾದೆ. ಆದರೆ ಒಡೆದ ಮಾತ್ರಕ್ಕೆ ಮಡಕೆಯ ಆಯುಷ್ಯ ಮುಗಿಯಿತೆನ್ನಲಾಗದು. ಶತಮಾನಗಳ ಕಾಲ ಮಣ್ಣಿನಲ್ಲಿ ಬಿದ್ದಿದ್ದ ಬೋಕಿಗಳೇ ಗುರುವಾಗಿ ಮರೆತ ಕಲೆಯನ್ನು ಮರಳಿ ಕಲಿಸಿದ್ದು ಅಮೆರಿಕದ ಅರಿಜೋನಾದಲ್ಲಿರುವ ಹೋಪಿ ಜನರ ಸೀಮೆಯಲ್ಲಿ.

ಹೋಪಿಗಳು ಆ ನಾಡಿನ ಮೂಲನಿವಾಸಿಗಳು. ನೆತ್ತಿ ಚಪ್ಪಟೆಯಾದ ಮೂರು ಬೆಟ್ಟಗಳ ಆಸರೆಯಲ್ಲಿ ಊರು ಕಟ್ಟಿ, ಕೊಂಚವೇ ಮಳೆಯಲ್ಲಿ ಮುಸುಕಿನ ಜೋಳ ಬೆಳೆದವರು. ಅವರಲ್ಲಿ ಕುಂಬಾರಿಕೆ ಬಹುಮಟ್ಟಿಗೆ ಹೆಂಗಸರ ಕೆಲಸ. ಅದಕ್ಕೆ ತಿಗರಿಯಿಲ್ಲ. ಹಗ್ಗದಂತೆ ಹೊಸೆದ ಜೇಡಿಮಣ್ಣನ್ನು ಸುತ್ತುಸುತ್ತಾಗಿ ಪೇರಿಸಿ, ತೆಳುವಾಗಿ ಕೆರೆದು, ನುಣುಪುಗಲ್ಲಿನಿಂದ ಉಜ್ಜುತ್ತಾರೆ. ಯುಕ್ಕಾ ಗಿಡದ ನಾರೆಲೆಯ ತುದಿಯನ್ನು ಅಗಿದರೆ ಅದೇ ಕುಂಚ. ಕಾಡುಸೊಪ್ಪನ್ನು ಕುದಿಸಿ ಬತ್ತಿಸಿದ ರಸಕ್ಕೆ ಕಬ್ಬಿಣದ ಕಲ್ಲನ್ನು ತೇಯ್ದರೆ ಅದೇ ಕಪ್ಪು ಬಣ್ಣ.

ಮೊದಲನೆಯ ಬೆಟ್ಟದ ಬುಡದಲ್ಲಿ ಹಿಂದೆ ಸಿಕ್ಯಾತ್ಕಿ ಎಂಬ ಊರಿತ್ತು. ೧೫ನೆಯ ಶತಮಾನದ ಸುಮಾರಿಗೆ ಅಲ್ಲಿ ಕಲ್ಲಿದ್ದಲಿನ ಕಾವಿನಲ್ಲಿ ಬೆಂದ ಹೊಂಬಣ್ಣದ ಪಾತ್ರೆಗಳ ಮೇಲೆ ಹಕ್ಕಿಗಳ ಲೋಕವೇ ಮೂಡಿತು. ಆದರೆ ಹಕ್ಕಿಯನ್ನು ಕಂಡಂತೆ ಬರೆದವರಲ್ಲ ಅವರು. ಕೊಕ್ಕು ಒಂದು ಸುರುಳಿ, ರೆಕ್ಕೆ ಒಂದು ಬಾಗು, ಬಾಲ ನಾಲ್ಕಾರು ಗರಿ. ಸುತ್ತಲೂ ಧಾರಾಳವಾಗಿ ಬಿಟ್ಟ ಬರಿ ಜಾಗ. ಮುಂದೆ ಊರು ಹಾಳಾಯಿತು, ಬರೆವಣಿಗೆಯೂ ಮರೆತುಹೋಯಿತು. ೧೯ನೆಯ ಶತಮಾನದ ಹೊತ್ತಿಗೆ ಬಿಳಿ ಲೇಪದ ಮೇಲೆ ನೆರೆಯ ಝೂನಿ ಜನರ ಮಾದರಿಯ ಚಿತ್ತಾರಗಳು ಬಳಕೆಗೆ ಬಂದಿದ್ದವು.

ಹಳೆಯ ಕಲೆಯನ್ನು ಎತ್ತಿ ಹಿಡಿದವಳು ಹಾನೋ ಊರಿನ ನಂಪೆಯೋ. ಅವಳ ತಂದೆ ಹೋಪಿ. ತಾಯಿ ತೇವಾ ಕುಲದವಳು. ೧೭೦೦ರ ಸುಮಾರಿಗೆ ರಿಯೋ ಗ್ರಾಂಡೆ ನದಿಯ ಕಡೆಯಿಂದ ವಲಸೆ ಬಂದು ಇಲ್ಲಿ ನೆಲೆನಿಂತವರು ಈ ತೇವಾಗಳು. ೧೮೯೫ರಲ್ಲಿ ಜೆಸ್ಸಿ ಫ್ಯೂಕ್ಸ್ ಎಂಬ ವಿದ್ವಾಂಸ ಸಿಕ್ಯಾತ್ಕಿಯನ್ನು ಅಗೆಸಿದಾಗ ಅವಳ ಗಂಡ ಲೆಸೌ ಅಲ್ಲಿ ಕೂಲಿ ಮಾಡಿ ಚಿತ್ರಗಳನ್ನು ತಂದುಕೊಟ್ಟನೆಂದೂ, ಆ ಉತ್ಖನನದಿಂದಲೇ ಕಲೆ ಮರುಹುಟ್ಟು ಪಡೆಯಿತೆಂದೂ ಬಹುಕಾಲ ನಂಬಲಾಗಿತ್ತು. ಈಗಿನ ಸಂಶೋಧಕರು ಇದನ್ನು ಪೂರ್ಣವಾಗಿ ಒಪ್ಪುವುದಿಲ್ಲ. ಅದಕ್ಕೂ ಮೊದಲೇ ಟಾಮಸ್ ಕೀಮ್ ಎಂಬ ವ್ಯಾಪಾರಿಯ ಬೇಡಿಕೆಗೆ ಅಲ್ಲಿನ ಹೆಂಗಸರು ಹಳೆಯ ಚಿತ್ತಾರಗಳನ್ನು ಬರೆಯತೊಡಗಿದ್ದರು. ಬೋಕಿಗಳು ಅವರ ಕಾಲಡಿಯಲ್ಲೇ ಬಿದ್ದಿದ್ದವು. ಅವನ್ನು ಓದಲು ಗುದ್ದಲಿ ಬೇಕಿರಲಿಲ್ಲ.

ಫ್ಯೂಕ್ಸ್ ಅಗೆಸಿದ್ದರಲ್ಲಿ ಗೋರಿಗಳೂ ಇದ್ದವು. ಸತ್ತವರೊಡನೆ ಇಟ್ಟಿದ್ದ ಪಾತ್ರೆಗಳು ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯ ಸೇರಿದವು. ನಂಪೆಯೋಳ ಮಡಕೆಗಳನ್ನು ಪ್ರಾಚೀನವೆಂದು ಮಾರಿಯಾರು ಎಂಬ ಆತಂಕವೂ ಅವನಿಗಿತ್ತು. ಅವಳ ಕೈಯ ನೈಪುಣ್ಯಕ್ಕೆ ಇದಕ್ಕಿಂತ ಬೇರೆ ಪ್ರಶಸ್ತಿ ಏತಕ್ಕೆ? ಆದರೂ ಅವಳದು ಬರಿಯ ನಕಲಲ್ಲ. ಹಳೆಯ ಸುರುಳಿ, ಗರಿಗಳನ್ನು ಅಕ್ಷರಗಳಂತೆ ಕಲಿತು, ತನ್ನದೇ ವಾಕ್ಯಗಳನ್ನು ಬರೆದಳು.

ಮುಪ್ಪಿನಲ್ಲಿ ದೃಷ್ಟಿ ಹೋಯಿತು. ಅವಳು ಬೆರಳಿನ ಸ್ಪರ್ಶದಿಂದಲೇ ಮಡಕೆ ಎತ್ತುವುದು, ಹೆಣ್ಣುಮಕ್ಕಳು ಚಿತ್ರ ಬರೆಯುವುದು ಎಂದಾಯಿತು. ೧೯೪೨ರಲ್ಲಿ ಅವಳು ತೀರಿಕೊಂಡಳು. ಆ ಕೆಲಸ ಅವಳ ಸಂತತಿಯಲ್ಲಿ ಇಂದಿಗೂ ನಡೆದಿದೆ. ಅಗೆದವನ ಹೆಸರು ವರದಿಯಲ್ಲಿ ಉಳಿಯಿತು. ಆದರೆ ಕಲೆ ಉಳಿದದ್ದು ಮನೆಯಲ್ಲಿ, ತಾಯಿಯಿಂದ ಮಗಳ ಕೈಗೆ.