ಹೊಗೆಗೂಡು ಹತ್ತಿದವನ ಲೆಕ್ಕ

ಹೊಯ್ಸಳರ ಗುಡಿಗಳಲ್ಲಿ ದಾಸೋಜ, ಮಲ್ಲಿತಮ್ಮ ಅಂತ ಶಿಲ್ಪಿಗಳು ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಪಂಡಿತರು ಅದನ್ನು ಓದಿ ಸಂತೋಷಪಡುತ್ತಾರೆ, ಪಡಲಿ. ಆ ಕಲ್ಲನ್ನು ಬಂಡೆಯಿಂದ ಎಬ್ಬಿಸಿ ಹೊತ್ತು ತಂದವನ ಹೆಸರು ಅಲ್ಲಿಲ್ಲ. ಮುಂದೆ ಯಾವುದೋ ಮಳೆಗಾಲದಲ್ಲಿ ಸೋರಿದಾಗ ಮೇಲೆ ಹತ್ತಿ ಗಾರೆ ಮೆತ್ತಿದವನ ಹೆಸರನ್ನಂತೂ ಕೇಳುವವರೇ ಇಲ್ಲ. ಕಟ್ಟಿಸಿದವನಿಗೆ ಶಾಸನ ಉಂಟು, ರಿಪೇರಿ ಮಾಡಿದವನಿಗೆ ಕೂಲಿಯ ಚೀಟಿಯೂ ಇಲ್ಲ.

ಬೆಂಗಳೂರಿಂದ ತುಮಕೂರು ರಸ್ತೆ ಹಿಡಿದು ಹೊರಟರೆ ನೆಲಮಂಗಲಕ್ಕೆ ಅಂಟಿಕೊಂಡ ಹಾಗೆ ಅರಿಶಿನಕುಂಟೆ ಇದೆ. ಈ ಸೀಮೆಯ ಹಳೇ ಮನೆ ಅಂದರೆ ಮಣ್ಣಿನ ಗೋಡೆ, ಇಲ್ಲವೇ ಕಲ್ಲಿನ ಗೋಡೆ, ಮೇಲೆ ನಾಡಹೆಂಚು. ಅನುಕೂಲಸ್ಥರಾದರೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆಗೆದ ಮೇಲೆ ನಾಡಿಗೆಲ್ಲ ಹರಡಿದ್ದು ಅದು. ಇಂಥ ಮನೆಗೆ ಹೊಗೆಗೂಡು ಇರುತ್ತಿರಲಿಲ್ಲ. ಹೆಂಚಿನ ಸಂದಿಯಲ್ಲಿ, ಬೆಳಕಿಂಡಿಯಲ್ಲಿ ಹೋದಷ್ಟು ಹೊಗೆ ಹೋಯಿತು. ಉಳಿದದ್ದು ಒಲೆ ಊದುವವಳ ಕಣ್ಣಿಗೆ, ಎದೆಗೆ.

ಚಿಮಣಿ ಅನ್ನೋ ಮಾತೇ ನೋಡಿ, ನಮ್ಮ ನಾಡಿಗೆ ಎರಡು ದಾರೀಲಿ ಬಂತು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನಿಂತಿತು. ದೊರೆಗಳು ಬಂಗಲೆ ಕಟ್ಟಿಸಿಕೊಂಡರು. ಚಳಿಗೆ ಬೆಂಕಿ ಕಾಯಿಸಲು ಕೋಣೆಯಲ್ಲಿ ಅಗ್ಗಿಷ್ಟಿಕೆ, ಅದರ ಮೇಲೆ ಇಟ್ಟಿಗೆಯ ಚಿಮಣಿ. ಬಡವರ ಮನೆಗೆ ಅದೇ ಮಾತು ಬಂದದ್ದು ದೀಪವಾಗಿ. ಉತ್ತರ ಕರ್ನಾಟಕದ ಕಡೆ ಚಿಮಣಿ ಅಂದರೆ ಇವತ್ತಿಗೂ ಬುಡ್ಡಿದೀಪ, ಚಿಮಣಿ ಎಣ್ಣೆ ಅಂದರೆ ಸೀಮೆಎಣ್ಣೆ. ಒಬ್ಬರಿಗೆ ಹೊಗೆ ಕಳಿಸುವ ಗೂಡು, ಇನ್ನೊಬ್ಬರಿಗೆ ಹೊಗೆ ಉಗುಳುವ ಬುಡ್ಡಿ!

ಗಾರೆ ಕೆಲಸದ ಮಾತುಗಳೇ ಈ ಕಸುಬಿನ ಚರಿತ್ರೆ. ಮೇಸ್ತ್ರಿ ಅನ್ನುವುದು ಪೋರ್ಚುಗೀಸರಿಂದ ಬಂದದ್ದು. ಕಲಸಿ, ಹೊತ್ತು, ಕೈಗೆ ಕೊಡುವ ಆಳಿಗೆ ಚಿತ್ತಾಳು ಅನ್ನುತ್ತಾರಲ್ಲ, ಅದು ತಮಿಳು. ದಂಡಿನ ಕೆಲಸಕ್ಕೆ ಆ ಕಡೆಯಿಂದ ಜನ ಬಂದ ಗುರುತು ಇಂಥ ಮಾತುಗಳಲ್ಲಿದೆ. ಕಲ್ಲಿನ ಕೆಲಸ ಮಾತ್ರ ಬಹುಪಾಲು ಇಲ್ಲಿನ ಭೋವಿಗಳದು. 1951ರಿಂದ 56ರವರೆಗೆ ಕಟ್ಟಿದ ವಿಧಾನಸೌಧಕ್ಕೆ ಕಲ್ಲು ಹೋದದ್ದು ಮಲ್ಲಸಂದ್ರ, ಹೆಸರಘಟ್ಟದ ಕಡೆಯಿಂದ, ಅಂದರೆ ನೆಲಮಂಗಲದ ಮಗ್ಗುಲಿನಿಂದಲೇ. ಅಲ್ಲಿ ದುಡಿದವರಲ್ಲಿ ಜೈಲಿನ ಕೈದಿಗಳೂ ಇದ್ದರು. ಕಟ್ಟಡದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆಸಿದರು. ಕಲ್ಲು ಹೊತ್ತವರ ಕೆಲಸ ಯಾರ ಕೆಲಸ ಅಂತ ಬರೆಸಲಿಲ್ಲ.

ಹೊಸದು ಕಟ್ಟುವವನಿಗಿಂತ ಹಳೇದು ರಿಪೇರಿ ಮಾಡುವವನಿಗೆ ಹೆಚ್ಚು ವಿದ್ಯೆ ಬೇಕು. ನಮ್ಮ ಓದಿದವರು ಒಪ್ಪದ ಮಾತು ಇದು. ಹಳೇ ಗೋಡೆ ಸುಣ್ಣದ ಗಾರೆಯದು. ಸುಟ್ಟ ಸುಣ್ಣ, ಮರಳು, ಇಟ್ಟಿಗೆ ಪುಡಿ ಹಾಕಿ ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸುತ್ತಿದ್ದರು. ಸುಣ್ಣದ ಗೋಡೆ ತೇವ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ನಿಂತು ಇಟ್ಟಿಗೆಯನ್ನೇ ತಿನ್ನುತ್ತದೆ. ಎರಡು ವರ್ಷಕ್ಕೆ ಸಿಮೆಂಟಿನ ಜತೆ ಇಟ್ಟಿಗೆಯ ಮುಖವೂ ಉದುರುತ್ತದೆ. ಹಳೇ ಗಾರೆಯವರು ಗೋಡೆಯನ್ನು ಬೆರಳಲ್ಲಿ ಗೀರಿ, ಕರಣೆಯ ಹಿಡಿಯಲ್ಲಿ ತಟ್ಟಿ, ಸದ್ದು ಕೇಳಿಯೇ ಎಲ್ಲಿ ಪೊಳ್ಳು ಅಂತ ಹೇಳಿಬಿಡುತ್ತಾರೆ.

ಚಿಮಣಿಯದು ಇನ್ನೂ ಕಷ್ಟ. ಅದು ಮಾಡಿನ ಮೇಲೆ ಒಂಟಿಯಾಗಿ ನಿಂತಿರುತ್ತದೆ. ಮಳೆ ಗಾಳಿ ನಾಲ್ಕೂ ಕಡೆ ಬಡಿಯುತ್ತದೆ. ಒಳಗೆ ಕಾಡಿಗೆಯೂ ತೇವವೂ ಸೇರಿ ಸುಣ್ಣವನ್ನು ಸವೆಸುತ್ತವೆ. ಹಕ್ಕಿ ಹಾಕಿದ ಬೀಜ ಸಂದಿಯಲ್ಲಿ ಮೊಳೆತು ಅರಳಿ ಸಸಿ ಆಗುತ್ತದೆ. ಬೇರು ಕೀಳದೆ ಮೇಲಿಂದ ಕತ್ತರಿಸಿದರೆ ಮುಂದಿನ ಮಳೆಗೆ ಮತ್ತೆ ಚಿಗುರು. ಸಡಿಲವಾದ ವರಸೆಗಳನ್ನು ಒಂದೊಂದೇ ಬಿಚ್ಚಿ, ಬೇರು ತೆಗೆದು, ತೂಗುಗುಂಡು ಬಿಟ್ಟು ನೋಡಿ, ತಿರುಗಿ ಸುಣ್ಣದಲ್ಲೇ ಕಟ್ಟಬೇಕು. ಚಿಮಣಿ ಮಾಡಿಗೆ ಸೇರುವ ಕಡೆ ನೀರು ನಿಲ್ಲದ ಹಾಗೆ ಇಳಿಜಾರು ಕೊಡಬೇಕು. ಸೋರೋದು ಹೆಚ್ಚಾಗಿ ಅಲ್ಲೇ. ಇಷ್ಟನ್ನೂ ಕಾಲಡಿಯ ಹೆಂಚು ಒಡೆಯದ ಹಾಗೆ ಮಾಡಬೇಕು. ಸೊಂಟಕ್ಕೆ ಒಂದು ಹಗ್ಗ ಇದ್ದರೆ ಅದೇ ಪುಣ್ಯ. ಕೆಳಗಿನಿಂದ ಮನೆಯವರು ಕೇಳೋದು ಒಂದೇ: ‘ಏನಪ್ಪಾ, ಇವತ್ತೇ ಮುಗಿಸ್ತೀಯಾ?’

ಬಡವರ ಅಡಿಗೆಮನೆಗೂ ಹೊಗೆ ಕೊಳವೆ ಬಂದದ್ದು ತಡವಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ‘ಅಸ್ತ್ರ’ ಅಂತ ಶುರು ಮಾಡಿದರು, ಎ.ಕೆ.ಎನ್. ರೆಡ್ಡಿ ಅದರ ಮುಂದಾಳು. ಕೊಳವೆ ಇರುವ ಅಸ್ತ್ರ ಒಲೆ ಅಲ್ಲಿಂದ ಬಂತು. 80ರ ದಶಕದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ಯೋಜನೆ ತೆಗೆಯಿತು, 2002ರಲ್ಲಿ ಮುಚ್ಚಿತು. ಒಲೆ ಒಳ್ಳೆಯದೇ. ಆದರೆ ಎಷ್ಟು ಒಲೆ ಹಾಕಿದೆವು ಅಂತ ಲೆಕ್ಕ ಇಟ್ಟಷ್ಟು ಶ್ರದ್ಧೆಯನ್ನು ಕೊಳವೆ ಕಟ್ಟಿಕೊಂಡಾಗ ಯಾರು ಬಂದು ಬಿಚ್ಚಬೇಕು ಅನ್ನುವುದಕ್ಕೆ ಕೊಡಲಿಲ್ಲ. ಕಟ್ಟುವುದಕ್ಕೆ ದುಡ್ಡು, ರಿಪೇರಿಗೆ ಇಲ್ಲ: ಅದೇ ಹಳೇ ಕತೆ.

ಇನ್ನು ಕಾನೂನು. ಗೆಳೆಯರು ಇದನ್ನು ಸ್ವಲ್ಪ ಗಮನವಿಟ್ಟು ಓದಬೇಕು. 1923ರ ಕೆಲಸಗಾರರ ಪರಿಹಾರ ಕಾಯ್ದೆ ಬಂದಾಗ, ಮಾಲೀಕನ ವ್ಯಾಪಾರಕ್ಕಲ್ಲದೆ ಆಗಾಗ ಬಂದು ಹೋಗುವ ಕೆಲಸಕ್ಕೆ ಸೇರಿದವನು ಕೆಲಸಗಾರನೇ ಅಲ್ಲ ಅಂದಿತು. ನಿಮ್ಮ ಮನೆಯ ಚಿಮಣಿ ಹತ್ತಿ ಬಿದ್ದವನು ಸರಿಯಾಗಿ ಇದೇ ಜಾಗಕ್ಕೆ ಬಂದು ಬೀಳುತ್ತಿದ್ದ. ಆ ಮಾತನ್ನು ತೆಗೆದು ಹಾಕಿದ್ದು 2000ದ ತಿದ್ದುಪಡಿ. ಎಪ್ಪತ್ತೇಳು ವರ್ಷ ಬೇಕಾಯಿತು. ಅಷ್ಟರಲ್ಲಿ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಬಂದಿತ್ತು. ಹತ್ತು ಜನ ದುಡಿಯುವ ಕಡೆ ಅದು ಅನ್ವಯ. ಸ್ವಂತ ವಾಸದ ಮನೆಗೆ ಹತ್ತು ಲಕ್ಷದೊಳಗಿನ ಕೆಲಸ ಮಾಡಿಸುವವನು ಅದರ ಹೊರಗೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಆ ಹತ್ತು ಲಕ್ಷವನ್ನು ಐವತ್ತು ಲಕ್ಷ ಮಾಡಿದೆ. ಹಳೇ ಮನೆಗೆ ಗಾರೆ ಮೆತ್ತಲು ಐವತ್ತು ಲಕ್ಷ ಸುರಿಯುವವರು ಅರಿಶಿನಕುಂಟೆಯಲ್ಲಿ ಎಷ್ಟು ಮಂದಿ?

ಮಂಡಳಿಯಲ್ಲಿ ಹೆಸರು ಬರೆಸಬಹುದಲ್ಲ ಅನ್ನುತ್ತಾರೆ. 1996ರ ಕಾಯ್ದೆ ಅದಕ್ಕೆ ಇಟ್ಟ ಷರತ್ತು, ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ಕಟ್ಟಡ ಕೆಲಸ ಮಾಡಿರಬೇಕು ಅನ್ನುವುದು. ದೊಡ್ಡ ಕಂಪನಿಯ ಕಟ್ಟಡದಲ್ಲಿ ದುಡಿದವನಿಗೆ ಒಂದು ರುಜುವಿನಲ್ಲಿ ಅದು ಮುಗಿಯುತ್ತದೆ. ರಿಪೇರಿಯವನು ಇಲ್ಲಿ ಮೂರು ದಿನ, ಅಲ್ಲಿ ಎರಡು ದಿನ. ಮನೆಗೆ ಮೂರು ದಿನದಂತೆ ಹಿಡಿದರೂ ತೊಂಬತ್ತು ದಿನಕ್ಕೆ ಮೂವತ್ತು ಮನೆ, ಮೂವತ್ತು ಯಜಮಾನರು, ಮೂವತ್ತು ರುಜು. ಅವನ ಜತೆ ಬಾಂಡ್ಲಿ ಹೊತ್ತ ಚಿತ್ತಾಳು ಹೆಂಗಸನ್ನು ಮೇಸ್ತ್ರಿ ಕರೆತಂದಿರುತ್ತಾನೆ. ಎಷ್ಟೋ ಮನೆಯ ಯಜಮಾನರಿಗೆ ಅವಳ ಹೆಸರೇ ಗೊತ್ತಿರುವುದಿಲ್ಲ.